ಹೋಮ್ಸ್–ವಾಟ್ಸನ್ ಜೋಡಿಯನ್ನು ಈಗಿನ ಲಂಡನ್ನಿನಲ್ಲಿ ಇಟ್ಟು ನಗಿಸೋದು ಹೇಗೆ? ಬರೆದವರು, ಆಡಿದವರು ಹೇಳಿ

ಕೇಳಿದವರು:
ನಮ್ಮ ಹವ್ಯಾಸಿ ತಂಡಕ್ಕೆ ಅರ್ಧ ಗಂಟೆಯ ನಗೆನಾಟಕ ಬರೀತಿದ್ದೀನಿ. ಶೆರ್ಲಾಕ್ ಹೋಮ್ಸ್, ಡಾಕ್ಟರ್ ವಾಟ್ಸನ್ ಇಬ್ಬರೂ ಇವತ್ತಿನ ಬೇಕರ್ ಸ್ಟ್ರೀಟಿನಲ್ಲಿದ್ದಾರೆ. ಹೋಮ್ಸ್ ಜಂಭದ ಪೆದ್ದ, ವಾಟ್ಸನ್ ಅವನ ಬಾಲ. ಕರಡು ಓದಿದವರೆಲ್ಲ "ಚೆನ್ನಾಗಿದೆ" ಅಂತಾರೆ, ನಗೋದು ಮಾತ್ರ ಇಲ್ಲ. ಮೊಬೈಲು, ಸಿಸಿಟಿವಿ ಇರೋ ಕಾಲದಲ್ಲಿ ಈ ಪತ್ತೇದಾರನಿಗೆ ಏನು ಕೆಲಸ ಉಳಿದಿದೆ ಅನ್ನೋದೂ ತಲೆ ತಿನ್ನುತ್ತಿದೆ. ಇಂಥದ್ದು ಮಾಡಿದ ಅನುಭವ ಇದ್ದವರು ದಯವಿಟ್ಟು ತಿಳಿಸಿ.

ವಾಟ್ಸನ್ ಪಾತ್ರ ಮಾಡಿದವನು:
ಹೋಮ್ಸ್ ಪೆದ್ದನಾದರೆ ಅಲ್ಲಿಗೆ ನಾಟಕ ಮುಗೀತು ಮೇಡಂ. ಅವನು ಗಂಭೀರವಾಗಿ, ಹೇಳಿದ್ದನ್ನೆಲ್ಲ ಸರಿಯಾಗೇ ಹೇಳ್ತಾ ಇರಬೇಕು. ಅಂಥವನ ಜೊತೆ ಒಂದೇ ಮನೆಯಲ್ಲಿ ಬಾಳೋ ಕರ್ಮ ಇದೆಯಲ್ಲ, ನಗು ಅಲ್ಲಿದೆ. ಮೂಲದಲ್ಲೇ ನೋಡಿ: ಚುರುಟು ಕಲ್ಲಿದ್ದಲಿನ ಬುಟ್ಟಿಯಲ್ಲಿ, ತಂಬಾಕು ಪರ್ಷಿಯನ್ ಚಪ್ಪಲಿಯ ತುದಿಯಲ್ಲಿ, ಉತ್ತರ ಬರೆಯದ ಕಾಗದಗಳು ಚಾಕು ಚುಚ್ಚಿಸಿಕೊಂಡು ಬೆಂಕಿಗೂಡಿನ ಮೇಲಿನ ಹಲಗೆಯಲ್ಲಿ. ಮನಸ್ಸು ಬಂದರೆ ಕೂತಲ್ಲಿಂದಲೇ ಗೋಡೆಗೆ ಗುಂಡು ಹೊಡೆದು ರಾಣಿ ವಿಕ್ಟೋರಿಯಾಳ ಹೆಸರಿನ ಅಕ್ಷರ ಮೂಡಿಸ್ತಾನೆ. ಇಷ್ಟಾದರೂ ವಾಟ್ಸನ್ ಗಂಟು ಮೂಟೆ ಕಟ್ಟಲ್ಲ, ಯಾಕೆ? ಅವನು ಅಲ್ಲಿಗೆ ಬಂದದ್ದೇ ಬಾಡಿಗೆಯ ದೆಸೆಯಿಂದ! ಅಫ್ಘಾನಿಸ್ತಾನದಲ್ಲಿ ಗುಂಡೇಟು ತಿಂದು ಬಂದ ಸೇನಾ ವೈದ್ಯ, ದಿನಕ್ಕೆ 11 ಶಿಲ್ಲಿಂಗ್ 6 ಪೆನ್ಸ್ ಭತ್ಯೆ, ಲಂಡನ್ನಿನಲ್ಲಿ ಒಬ್ಬನೇ ಮನೆ ಹಿಡಿಯೋಕಾಗಲ್ಲ. 1887ರ ಮೊದಲ ಕಥೆಯ ಈ ಕಾರಣ ಇವತ್ತಿಗೂ ಹಳೇದಾಗಿಲ್ಲ, ಹಾಗೇ ಎತ್ತಿಕೊಳ್ಳಿ.

ನಾವು ಆಡುವಾಗ ಜನ ಹೆಚ್ಚು ನಕ್ಕಿದ್ದು ಮಾತೇ ಇಲ್ಲದ ಜಾಗದಲ್ಲಿ. ಹೋಮ್ಸ್ ಮೂಲೆಯಲ್ಲಿ ಯಾರದೋ ಬೂಟು ಹಿಡಿದು ನೋಡ್ತಿದ್ದಾನೆ. ವಾಟ್ಸನ್ ಬ್ರೆಡ್ ಸುಡೋಕೆ ಹೋಗ್ತಾನೆ, ಟೋಸ್ಟರ್ ಮೇಲೆ ಚೀಟಿ: "ಸಾಕ್ಷ್ಯ. ಮುಟ್ಟಬೇಡ." ತಟ್ಟೆ ತೆಗೀತಾನೆ, ಅದರ ಮೇಲೂ ಚೀಟಿ. ಕುರ್ಚಿ ಮೇಲೂ. ನಿಂತುಕೊಂಡೇ ಹಸಿ ಬ್ರೆಡ್ ತಿಂದು, ಕೋಟು ಹಾಕಿಕೊಂಡು ಹೊರಡ್ತಾನೆ. ಬೆನ್ನು ತಿರುಗಿಸಿದಾಗ ಕೋಟಿನ ಮೇಲೂ ಅದೇ ಚೀಟಿ.

ಕಥೆ ಬರೆಯುವವಳು:
ಕ್ಯಾಮೆರಾ ಯಾರು ಬಂದರು ಅನ್ನುತ್ತೆ, ಯಾಕೆ ಬಂದರು ಅನ್ನಲ್ಲ. ಹೋಮ್ಸ್‌ಗೆ ಅಷ್ಟು ಸಾಕು. ನಾನು 1891ರ ಕೆಂಪು ಕೂದಲಿನವರ ಸಂಘದ ಕಥೆಯನ್ನು ಈಗಿನ ಕಾಲಕ್ಕೆ ತಂದಿದ್ದೆ. ಮೂಲದಲ್ಲಿ ಗಿರವಿ ಅಂಗಡಿಯ ವಿಲ್ಸನ್‌ಗೆ ವಾರಕ್ಕೆ 4 ಪೌಂಡ್ ಸಂಬಳ. ಕೆಲಸ ಏನು ಅಂದರೆ ದಿನಾ ಹತ್ತರಿಂದ ಎರಡರವರೆಗೆ ಒಂದು ಕೋಣೆಯಲ್ಲಿ ಕೂತು ವಿಶ್ವಕೋಶ ನಕಲು ಮಾಡೋದು. ಅವನು ಅಲ್ಲಿ ಬರೀತಾ ಕೂತಿರೋವಾಗ ಇಲ್ಲಿ ಅವನದೇ ನೆಲಮಾಳಿಗೆಯಿಂದ ಬ್ಯಾಂಕಿಗೆ ಸುರಂಗ. ಈಗಾದರೆ ಇಂಥ ಕೆಲಸ ಮನೆಯಲ್ಲೇ ಕೂತು ಮಾಡೋದು. ಕಳ್ಳರಿಗೆ ಬೇಕಾದ್ದು ಅವನು ಮನೆಯಲ್ಲಿ ಇಲ್ಲದಿರೋದು! ಈ ತೊಡಕನ್ನೇ ಸುಳಿವು ಮಾಡಿದೆ. "ವಿಕಿಪೀಡಿಯಾನ ಪೆನ್ನಲ್ಲಿ ನಕಲು ಮಾಡಿಸ್ತಾರೆ" ಅಂತ ವಿಲ್ಸನ್ ಅಂದರೆ ಹೋಮ್ಸ್ ಕಣ್ಣು ಬಿಡಲ್ಲ. "ಸಂಬಳ ಕೈತುಂಬ ಕೊಡ್ತಾರೆ" ಅಂದರೂ ಇಲ್ಲ. "ಆದರೆ ದಿನಾ ಆಫೀಸಿಗೇ ಬರಬೇಕಂತೆ" ಅಂದದ್ದೇ ತಡ, ಎದ್ದು ನಿಂತು "ವಾಟ್ಸನ್, ಪೊಲೀಸರಿಗೆ ಫೋನ್ ಮಾಡು" ಅಂತಾನೆ.

ಇನ್ನೊಂದು ಎಡವಟ್ಟು. ಮೂಲದಲ್ಲಿ ಅಂಗಡಿ ಸಹಾಯಕನ ಪ್ಯಾಂಟಿನ ಮಂಡಿ ಸವೆದಿರೋದೇ ದೊಡ್ಡ ಸಾಕ್ಷಿ. ಈಗ ಮಂಡಿ ಹರಿದ ಜೀನ್ಸನ್ನು ಜನ ದುಡ್ಡು ಕೊಟ್ಟು ತಗೋತಾರೆ. ಸುರಂಗ ತೋಡಿದವನೋ, ಫ್ಯಾಷನ್ ಮಾಡಿದವನೋ ಅಂತ ಪಾಪ ಹೋಮ್ಸ್ ಬಗ್ಗಿ ಮೂಸಿಯೇ ತೀರ್ಮಾನಿಸಬೇಕು.

ಒಪ್ಪದವನು:
ಹೋಮ್ಸ್ ಹೇಳಿದ್ದೆಲ್ಲ ಸರಿಯಾಗೇ ಇರಬೇಕು ಅನ್ನೋದನ್ನು ಒಪ್ಪಲ್ಲ. 1893ರ ಹಳದಿ ಮುಖದ ಕಥೆಯಲ್ಲಿ ಅವನ ಲೆಕ್ಕವೆಲ್ಲ ತಲೆಕೆಳಗಾಗುತ್ತೆ. ಇನ್ನು ಮುಂದೆ ನನಗೆ ಜಂಭ ಬಂತು ಅನ್ನಿಸಿದರೆ ಕಿವಿಯಲ್ಲಿ ಆ ಊರಿನ ಹೆಸರು, "ನಾರ್ಬರಿ" ಅಂತ ಪಿಸುಗುಟ್ಟು ಅಂತ ಅವನೇ ವಾಟ್ಸನ್‌ಗೆ ಹೇಳ್ತಾನೆ. ಒಂದೇ ಒಂದು ಸಲ ತಪ್ಪಲಿ, ಅದೂ ದೊಡ್ಡದಾಗಿ. ನಾಯಿ ಬೊಗಳಲಿಲ್ಲ, ಅಂದಮೇಲೆ ಬಂದವನು ಅದಕ್ಕೆ ಗುರುತಿನವನೇ ಅನ್ನೋ ಹೋಮ್ಸ್‌ನ ಪ್ರಸಿದ್ಧ ತರ್ಕವನ್ನು ಬಾಗಿಲ ಕ್ಯಾಮೆರಾಗೆ ಹಾಕಿ: "ರಾತ್ರಿ ಒಂದೂ ನೋಟಿಫಿಕೇಶನ್ ಬಂದಿಲ್ಲ, ಅಂದಮೇಲೆ ಕಳ್ಳ ಮನೆಯವನೇ!" ವಾಟ್ಸನ್ ಫೋನ್ ನೋಡಿ, "ಸಬ್‌ಸ್ಕ್ರಿಪ್ಶನ್ ಮುಗಿದು ಹೋಗಿದೆ ಕಣೋ. ಕಟ್ಟು ಅಂತ ಹೋದ ತಿಂಗಳೇ ಹೇಳಿದ್ದೆ."

ವಾಟ್ಸನ್ ಪಾತ್ರ ಮಾಡಿದವನು:
ಇದು ಕದಿಯೋ ಹಾಗಿದೆ. ಒಪ್ಪಿದೆ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ಎರಡು ಕಡೆ ಕಿವಿ ಇರೋ ಟೋಪಿ, ಬಾಗಿದ ಪೈಪು ಬೇಕಾ? ಹಕ್ಕುಸ್ವಾಮ್ಯದ ತಕರಾರು ಬರುತ್ತಾ?

ಕಥೆ ಬರೆಯುವವಳು:
ಹೋಮ್ಸ್ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ತೀರಿಕೊಂಡದ್ದು 1930ರಲ್ಲಿ. ಭಾರತದಲ್ಲಿ ಲೇಖಕರು ತೀರಿದ ಮೇಲೆ 60 ವರ್ಷ, ಬ್ರಿಟನ್ನಿನಲ್ಲಿ 70, ಎರಡೂ ದಾಟಿವೆ. ಅಮೆರಿಕದಲ್ಲಿ ಕೊನೆಯ ಕಥೆಗಳೂ 2023ರಲ್ಲಿ ಹಕ್ಕುಸ್ವಾಮ್ಯದಿಂದ ಹೊರಬಂದವು. ಮೂಲದ 60 ಕಥೆಗಳಿಂದ ಏನು ಬೇಕಾದರೂ ತಗೊಳ್ಳಿ. ಹೊಸ ಸಿನಿಮಾ, ಸರಣಿಯವರು ತಾವಾಗಿ ಸೇರಿಸಿದ್ದು ಮಾತ್ರ ಅವರದ್ದು, ಅದರ ತಂಟೆ ಬೇಡ.

ವಾಟ್ಸನ್ ಪಾತ್ರ ಮಾಡಿದವನು:
ಆ ಟೋಪಿ ಹೆಸರಾದದ್ದು ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳಿಂದ, ಬಾಗಿದ ಪೈಪು ರಂಗನಟ ವಿಲಿಯಂ ಜಿಲೆಟ್ ಕೈಯಿಂದ. ಇವತ್ತಿನ ಬೇಕರ್ ಸ್ಟ್ರೀಟಿನಲ್ಲಿ ಆ ಟೋಪಿ ಹಾಕೋರು ಪ್ರವಾಸಿಗರು. ಅಲ್ಲಿ 1990ರಿಂದ ಹೋಮ್ಸ್ ಮ್ಯೂಸಿಯಂ ಇದೆ. 237 ಮತ್ತು 241ರ ನಡುವಿನ ಕಟ್ಟಡ, ಬಾಗಿಲ ಮೇಲೆ ಮಾತ್ರ ಕಥೆಯಲ್ಲಿನ ಹೋಮ್ಸ್ ಮನೆಯ ನಂಬರು, 221ಬಿ. ಟಿಕೆಟ್ ಇಲ್ಲದ್ದಕ್ಕೆ ಹೋಮ್ಸ್‌ನನ್ನೇ ಒಳಗೆ ಬಿಡದ ಒಂದು ದೃಶ್ಯ ಹಾಕಬಹುದು. ಆದರೆ ಅದಕ್ಕೆ ಮೊದಲು, ನಿಮ್ಮ ಲಂಡನ್ನಿನ ಜನ ಈ ಕಥೆಗಳನ್ನು ಓದಿದ್ದಾರಾ ಇಲ್ಲವಾ ತೀರ್ಮಾನ ಮಾಡಿಕೊಳ್ಳಿ. ಓದಿದ್ದಾರೆ ಅಂದರೆ ಹೋಮ್ಸ್ ಅಂತ ಹೆಸರು ಹೇಳಿದವನನ್ನು ಯಾರೂ ನಂಬಲ್ಲ, ಆಗ ನಾಟಕವೇ ಬೇರೆ. ಎರಡೂ ಇರಲಿ ಅಂದರೆ ನೋಡೋರು ಕಂಗಾಲಾಗ್ತಾರೆ.

ಒಪ್ಪದವನು:
ಫೋನಿನ ವಿಷಯಕ್ಕೆ ಒಂದು. 1923ರ ಕಥೆಯಲ್ಲಿ ಹೋಮ್ಸ್ ಕಳಿಸೋ ಚೀಟಿ ಹೀಗಿದೆ: ಅನುಕೂಲವಿದ್ದರೆ ಕೂಡಲೇ ಬಾ, ಅನನುಕೂಲವಿದ್ದರೂ ಬಾ. ಒಂದಕ್ಷರ ತಿದ್ದದೆ ವಾಟ್ಸಾಪಿನಲ್ಲಿ ಕಳಿಸಿ. ವಾಟ್ಸನ್ ಕ್ಲಿನಿಕ್ಕಿನಲ್ಲಿ ಒಬ್ಬರ ಗಂಟಲಿಗೆ ಟಾರ್ಚ್ ಹಿಡಿದಿರ್ತಾನೆ, ಫೋನ್ ಬಡ್ಕೊಳ್ಳುತ್ತೆ, ಇವನು ಓದ್ತಾನೆ, ರೋಗಿ ಬಾಯಿ ತೆರೆದುಕೊಂಡೇ ಇದ್ದಾನೆ. ಬೀಳಲಿ ಪರದೆ.