ಸಹಾಯ ಬೇಕು: ಎಷ್ಟು ಉಜ್ಜಿದರೂ ಉಳಿ ಹರಿತ ಆಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಮರಗೆಲಸ ಶುರು ಮಾಡಿದ್ದೇನೆ. ಕೈಗರಗಸ, ಮೂಲೆಮಟ್ಟ, ಕೊಡತಿ, ಜೊತೆಗೆ 6, 12, 25 ಮಿ.ಮೀ. ಅಗಲದ ಮೂರು ಉಳಿಗಳಿವೆ. ತೊಂದರೆ ಕೊಡುತ್ತಿರುವುದು ಉಳಿಗಳೇ.

1000 ಗ್ರಿಟ್‌ನ (ಕಲ್ಲಿನ ಕಣ ಎಷ್ಟು ನುಣುಪು ಅಂತ ಹೇಳುವ ಸಂಖ್ಯೆ) ಸಾಣೆಕಲ್ಲನ್ನು ನೀರಲ್ಲಿ ನೆನೆಸಿ, ಸುಮಾರು 25 ಡಿಗ್ರಿ ಓರೆಯಲ್ಲಿ ಉಜ್ಜುತ್ತೇನೆ. ಉಳಿಯ ಬೆನ್ನಿನ (ಚಪ್ಪಟೆ) ಕಡೆ ಮೆತ್ತಗೆ ಬೆರಳಾಡಿಸಿದರೆ ಎರಡೂ ಮೂಲೆಯಲ್ಲಿ ಸಣ್ಣ ಗರಿ (ಉಜ್ಜಿದಾಗ ಅಂಚಿನಲ್ಲಿ ಮಡಿಚಿ ಏಳುವ ಲೋಹದ ತೆಳು ಎಳೆ) ತಾಗುತ್ತದೆ, ನಡುವೆ ಏನೂ ಇಲ್ಲ. ಮೆದು ಮರದ ಅಡ್ಡತುದಿಯನ್ನು (ಎಳೆಗಳಿಗೆ ಅಡ್ಡವಾಗಿ ಕೊಯ್ದ ಮುಖ) ಸವರಿದರೆ ನುಣ್ಣಗೆ ಕತ್ತರಿಸುವುದಿಲ್ಲ, ಎಳೆಗಳು ಪುಡಿಪುಡಿಯಾಗಿ ಕಿತ್ತು ಬರುತ್ತವೆ.

ಕಲ್ಲೇ ಸವೆದಿರಬಹುದು ಅನ್ನಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು, ಗಾಜಿನ ಮೇಲೆ ಒದ್ದೆ ಸ್ಯಾಂಡ್‌ಪೇಪರ್ ಹಾಸಿ ಉಜ್ಜಿ ನೋಡಿದೆ. ಅಂಚಿನ ಗೆರೆ ಅಳಿಸಿತು, ನಡುವಿನದು ಹಾಗೇ ಉಳಿಯಿತು. ಕಲ್ಲು ಗುಳಿ ಬಿದ್ದಿರುವುದು ಖಚಿತ. ನೀವು ಎಷ್ಟು ಸಲ ಉಜ್ಜಿದ ಮೇಲೆ ಕಲ್ಲನ್ನು ಸಮ ಮಾಡಿಕೊಳ್ಳುತ್ತೀರಿ? ಸ್ಯಾಂಡ್‌ಪೇಪರ್ ಸಾಕಾ, ಇಲ್ಲಾ ಡೈಮಂಡ್ ಪ್ಲೇಟ್ (ವಜ್ರದ ಕಣ ಕೂರಿಸಿದ ಲೋಹದ ಹಲಗೆ) ಬೇಕೇ ಬೇಕಾ?

12ರ ಉಳಿಯನ್ನು ಗ್ರೈಂಡರ್‌ಗೆ ಜಾಸ್ತಿ ಹೊತ್ತು ಒತ್ತಿ, ತುದಿ ನೀಲಿಯಾಗಿಬಿಟ್ಟಿದೆ. ತುಂಬಾ ಬೇಜಾರಾಯಿತು. ಅಲ್ಲಿ ಉಕ್ಕು ಮೆದುವಾಗಿರುತ್ತದೆ ಅಂತ ಗೊತ್ತು. ನೀಲಿ ಇರುವಷ್ಟನ್ನು ಕಲ್ಲಿನ ಮೇಲೇ ನಿಧಾನವಾಗಿ ಸವೆಸಿದರೆ ಆಯ್ತಾ?

ಇನ್ನೊಂದು ಮಾತು. ಮುಂದೆ ಮರದ ಮೈ ಹೆರೆದು ಸಮ ಮಾಡುವ ತೋಪಡ ತೆಗೆದುಕೊಳ್ಳಬೇಕು. ಒಂದೇ ತೋಪಡ ಅಂದರೆ ಯಾವ ಅಳತೆಯದು ಒಳ್ಳೆಯದು? ಕೈಯಲ್ಲಿ ಬಳಸಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಉಳಿಯ ತುದಿ, ಕಲ್ಲು ಎರಡರ ಫೋಟೋನೂ ಹಾಕಿದ್ದೇನೆ.