ಚುಕ್ಕಾಣಿಯ ಫಿಟ್ಟಿಂಗ್ ಸ್ಕ್ರೂ ಸಮೇತ ಕಿತ್ತು ಬಂತು, ಎಂತ ಮಾಡುದು?

ನಮ್ಮದು 14 ಅಡಿಯ ಫೈಬರ್ ಹಾಯಿ ಬೋಟು, ಚಂದ್ರಗಿರಿ ಹೊಳೆಯಲ್ಲೇ ಓಡಿಸುದು. ಮೊನ್ನೆ ಆದಿತ್ಯವಾರ ಅಳಿವೆ ಹತ್ರ ನೀರು ಇಳಿಯುವ ಹೊತ್ತಿಗೆ ಚುಕ್ಕಾಣಿ ಮರಳಿಗೆ ತಾಗಿ, ಅದನ್ನು ಬೋಟಿನ ಹಿಂಬದಿಗೆ ಹಿಡಿಯುವ ಕೆಳಗಿನ ಸ್ಟೀಲ್ ಫಿಟ್ಟಿಂಗ್ ನಾಲ್ಕೂ ಸ್ಕ್ರೂ ಸಮೇತ ಕೈಗೆ ಬಂತು. ತೂತಿನಿಂದ ಕಂದು ನೀರು ಸೋರ್ತಾ ಉಂಟು, ಒಳಗಿನ ಪ್ಲೈವುಡ್ ನೆನೆದ ಅವಲಕ್ಕಿ ಹಾಗೆ ಆಗಿದೆ. ಎಂ-ಸೀಲ್ ತುಂಬಿಸಿ ದಪ್ಪ ಸ್ಕ್ರೂ ಹೊಡೆದ್ರೆ ನಿಲ್ಬಹುದಾ? ಅಪ್ಪ ಕೊಡಿಸಿದ ಬೋಟು, ಹಾಳು ಮಾಡ್ಲಿಕ್ಕೆ ಮನಸ್ಸಿಲ್ಲ.

ಉತ್ತರ (ಕುಂಬ್ಳೆಯಿಂದ):
ಎಂ-ಸೀಲ್ ಬೇಡ ಮಾರಾಯ್ರೆ. ಎಷ್ಟು ದಪ್ಪ ಸ್ಕ್ರೂ ಹಾಕಿದ್ರೂ ಅದು ಕಚ್ಚುದು ಅದೇ ಕುಂಬಾದ ಪ್ಲೈಯನ್ನು. ಒಳಗಿನ ಫೈಬರ್ ಪದರ ಕತ್ತರಿಸಿ ಗಟ್ಟಿ ಮರ ಸಿಗುವವರೆಗೆ ಕುಂಬಾದದ್ದೆಲ್ಲ ತೆಗೀರಿ, ಸಿಹಿನೀರಲ್ಲಿ ತೊಳೆದು ಉಪ್ಪು ಹೋಗ್ಬೇಕು, ಮತ್ತೆ ಚೆನ್ನಾಗಿ ಒಣಗ್ಬೇಕು, ಮಳೆ ಹಿಡಿದ ಮೇಲೆ ಅದು ಒಣಗುದೇ ಇಲ್ಲ, ಹಾಗಾಗಿ ಈಗ್ಲೇ ಶುರು ಮಾಡಿ. ಹೊಸ ತುಂಡಿಗೆ ಐಎಸ್ 710 ಸೀಲ್ ಇರುವ ಮರೈನ್ ಪ್ಲೈ ತನ್ನಿ, ಮನೆ ಸಾಮಾನಿಗೆ ಹಾಕುವ 303 ಅಲ್ಲ. ಎಪಾಕ್ಸಿಯಲ್ಲಿ (ಎರಡು ಭಾಗ ಕಲಸಿ ಹಾಕುವ ಗಟ್ಟಿ ಅಂಟು) ಕೂರಿಸಿ. ಸ್ಕ್ರೂ ಬಿಟ್ಟು ಆಚೆಯಿಂದ ಈಚೆಗೆ ಬರುವ ಉಪ್ಪುನೀರು ತಡೆಯುವ 316 ಸ್ಟೀಲ್ ಬೋಲ್ಟ್ ಹಾಕಿ, ಒಳಗಡೆ ಅಗಲದ ಪ್ಲೇಟ್ ಕೊಡಿ, ಎಳೆತ ಒಂದೇ ಕಡೆ ಬೀಳುದಿಲ್ಲ.

ಉತ್ತರ (ಮಂಜೇಶ್ವರದಿಂದ):
ಅವರು ಹೇಳಿದ್ದು ಸರಿ, ಆದ್ರೆ ಬೋಲ್ಟಿನ ತೂತನ್ನು ಸೀದಾ ಪ್ಲೈಗೆ ಕೊರೀಬೇಡಿ. 6 ಮಿ.ಮೀ. ಬೋಲ್ಟಿಗೆ ಮೊದಲು 12 ಮಿ.ಮೀ. ಕೊರೆದು, ಸಿಲಿಕಾ ಪುಡಿ ಸೇರಿಸಿ ದಪ್ಪ ಮಾಡಿದ ಎಪಾಕ್ಸಿ ತುಂಬಿಸಿ, ಗಟ್ಟಿಯಾದ ಮೇಲೆ ಅದರ ನಡುವಿಗೆ 6 ಕೊರೀರಿ. ಮುಂದೆ ಸೀಲ್ ಬಿಟ್ಟು ನೀರು ಬಂದ್ರೂ ಮರಕ್ಕೆ ಮುಟ್ಟುದಿಲ್ಲ. ನಾನು ನನ್ನ ಬೋಟಲ್ಲಿ ಈ ಒಂದು ಕೆಲಸ ಬಿಟ್ಟದ್ದಕ್ಕೆ ಎರಡೇ ವರ್ಷದಲ್ಲಿ ಪುನಃ ಎಲ್ಲ ಬಿಚ್ಚಬೇಕಾಯ್ತು. ಸೀಲಿಗೆ ಪಿಯು (ಪಾಲಿಯುರೆಥೇನ್) ಸೀಲೆಂಟ್ ಹಾಕಿ. ಸಿಲಿಕಾನ್ ಬೇಡವೇ ಬೇಡ, ಅದು ತಾಗಿದಲ್ಲಿ ಮತ್ತೆ ಪೈಂಟೂ ಹಿಡಿಯುದಿಲ್ಲ ಎಪಾಕ್ಸಿಯೂ ಹಿಡಿಯುದಿಲ್ಲ.

ಕೇಳಿದವರು:
ಇಲ್ಲಿ ಮೀನಿನ ದೋಣಿ ರಿಪೇರಿ ಮಾಡುವಲ್ಲಿ ಪಾಲಿಯೆಸ್ಟರ್ ರೆಸಿನ್, ಮ್ಯಾಟ್ (ತುಂಡು ಗ್ಲಾಸ್ ಎಳೆ ಅಂಟಿಸಿದ ಹಾಳೆ) ಸಿಗ್ತದೆ, ಅದಾಗ್ತದಾ?

ಉತ್ತರ (ಕುಂಬ್ಳೆಯಿಂದ):
ಹಳೆ ಫೈಬರಿಗೆ ಎಪಾಕ್ಸಿ ಹಿಡಿದಷ್ಟು ಅದು ಹಿಡಿಯುದಿಲ್ಲ. ಆ ಮ್ಯಾಟನ್ನು ಎಪಾಕ್ಸಿ ಜೊತೆಗೂ ಹಾಕ್ಬೇಡಿ, ಅದರ ಎಳೆ ಹಿಡಿದಿರುವ ಅಂಟು ಸಾಮಾನ್ಯವಾಗಿ ಪಾಲಿಯೆಸ್ಟರಲ್ಲಿ ಇರುವ ಸ್ಟೈರೀನಿಗೇ ಕರಗುದು. ನೇಯ್ದ ಗ್ಲಾಸ್ ಬಟ್ಟೆ ತನ್ನಿ. ಮತ್ತೆ ಮೇಲಿನ ಫಿಟ್ಟಿಂಗ್ ಕೂಡ ಒಮ್ಮೆ ಬಿಚ್ಚಿ ನೋಡಿ, ಅದೂ ಅದೇ ಪ್ಲೈಯಲ್ಲಿ ಉಂಟಲ್ಲ.

ಕೇಳಿದವರು:
ಈಗ ಬಿಚ್ಚಿದೆ. ಎರಡು ಸ್ಕ್ರೂ ಬೆರಳಲ್ಲೇ ತಿರುಗಿ ಬಂತು. ಪ್ಲೈ ಪೂರಾ ತೆಗೀತೇನೆ.