ಇನ್ಸುಲೇಷನ್ ಒಳಗೆ ತುಕ್ಕು: ಉಗಿ ಲೈನಿಗೆ ಯಾವ ಸಾಮಗ್ರಿ ಸೂಕ್ತ?

ಪ್ರಶ್ನೆ

ಮಂಗಳೂರಿನ ಬಳಿ ಕಡಲಿಗೆ ಹತ್ತಿರವಿರುವ ಕಾರ್ಖಾನೆಯೊಂದರಲ್ಲಿ ಪೈಪ್‌ಲೈನ್ ನಿರ್ವಹಣೆ ನನ್ನ ಕೆಲಸ. ಮಳೆಗಾಲ ಮುಗಿದ ಮೇಲೆ ನಾಲ್ಕು ಇಂಚಿನ ಕಾರ್ಬನ್ ಸ್ಟೀಲ್ ಉಗಿ ಲೈನಿನ ಅಲ್ಯೂಮಿನಿಯಂ ತಗಡನ್ನು ಒಂದು ಕಡೆ ಬಿಚ್ಚಿಸಿದೆವು. ಹೊರಗಿನಿಂದ ಹೊಳೆಯುತ್ತಿದ್ದ ತಗಡಿನ ಒಳಗಿದ್ದ ಇನ್ಸುಲೇಷನ್, ಅಂದರೆ ಶಾಖ ಹೊರಹೋಗದಂತೆ ಸುತ್ತಿದ ರಾಕ್‌ವೂಲ್ (ಕಲ್ಲಿನ ನಾರಿನ ಹೊದಿಕೆ), ಅದನ್ನು ಹಿಂಡಿದರೆ ಕಂದು ನೀರು ಸುರಿಯಿತು. ಪೈಪಿನ ತಳದಲ್ಲಿ ತುಕ್ಕು ಅಂಗೈಯಗಲದ ಹಕ್ಕಳೆಗಳಾಗಿ ಎದ್ದಿತ್ತು. 6 ಮಿ.ಮೀ. ಇದ್ದ ಗೋಡೆ ಒಂದೆಡೆ 3.8ಕ್ಕೆ ಇಳಿದಿದೆ. ಲೈನು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಡೆಯುತ್ತದೆ, ಆದರೆ ವಾರಕ್ಕೆ ಎರಡು ದಿನ ನಿಂತಿರುತ್ತದೆ. ಮುಂದೆ ರಾಕ್‌ವೂಲಿನ ಬದಲು ಕ್ಯಾಲ್ಸಿಯಂ ಸಿಲಿಕೇಟ್ ಹಾಕಬೇಕೇ, ಸೆಲ್ಯುಲರ್ ಗ್ಲಾಸ್ (ನೊರೆಯಂತೆ ಉಬ್ಬಿಸಿದ ಗಾಜು) ಹಾಕಬೇಕೇ?

ಉತ್ತರ 1

ಸಾಮಗ್ರಿಯ ಮಾತಿಗೆ ಮೊದಲು, ಆ 3.8 ಮಿ.ಮೀ. ನಿಮ್ಮ ಒತ್ತಡಕ್ಕೆ ಸಾಲುತ್ತದೆಯೇ ಎಂದು ಲೆಕ್ಕ ಹಾಕಿಸಿ; ಸಾಲದಿದ್ದರೆ ಆ ತುಂಡನ್ನೇ ಬದಲಿಸಬೇಕು.

ಕಾರ್ಬನ್ ಸ್ಟೀಲಿನಲ್ಲಿ ಈ ಬಗೆಯ ತುಕ್ಕು ಸುಮಾರು 175 ಡಿಗ್ರಿಯವರೆಗೂ ಕಾಡುತ್ತದೆ. ನಿಮ್ಮ ಲೈನು ಆ ವ್ಯಾಪ್ತಿಯೊಳಗಿರುವುದಲ್ಲದೆ, ನಿಂತಾಗ ನೆನೆದು, ನಡೆದಾಗ ಕುದಿದು, ಪ್ರತಿ ಸುತ್ತಿನಲ್ಲೂ ಕಡಲಗಾಳಿಯ ಉಪ್ಪನ್ನು ಲೋಹದ ಮೈಮೇಲೆ ಉಳಿಸಿಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಲಿಕೇಟ್ ಗಟ್ಟಿ, ತುಳಿದರೂ ತಾಳುತ್ತದೆ ಎಂಬುದು ನಿಜ. ಆದರೆ ಒಮ್ಮೆ ನೆನೆದರೆ ತನ್ನ ತೂಕಕ್ಕಿಂತ ಹೆಚ್ಚು ನೀರು ಹಿಡಿದು ಬಹುಕಾಲ ಬಿಡುವುದಿಲ್ಲ. ನಿಮ್ಮಲ್ಲಿಗೆ ಅದು ಬೇಡವೇ ಬೇಡ. ಸೆಲ್ಯುಲರ್ ಗ್ಲಾಸಿನ ಕೋಶಗಳು ಮುಚ್ಚಿರುವುದರಿಂದ ಅದು ನೀರು ಕುಡಿಯುವುದಿಲ್ಲ, ಆದರೆ ಕಂಪನವಿರುವಲ್ಲಿ ಸವೆದು ಬಿರಿಯುತ್ತದೆ, ಜೋಡಣೆಯ ಸಂದುಗಳಲ್ಲಿ ನೀರು ನುಗ್ಗಬಹುದು. ಕಂಪನವಿದ್ದರೆ ನೀರು ಒಲ್ಲದ ಏರೋಜೆಲ್ (ಅತಿ ಹಗುರವಾದ, ಸೂಕ್ಷ್ಮ ರಂಧ್ರಗಳ ಪದಾರ್ಥ) ಹಾಸು ಒಳ್ಳೆಯದು, ಬೆಲೆ ಹೆಚ್ಚು.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ, ಆದರೆ ಯಾವ ಇನ್ಸುಲೇಷನ್ ಆದರೂ ತುಕ್ಕನ್ನು ತಾನಾಗಿ ತಡೆಯುವುದಿಲ್ಲ. ಪೈಪಿನ ಮೈಗೆ ಬ್ಲಾಸ್ಟಿಂಗ್ (ಗಟ್ಟಿ ಕಣಗಳನ್ನು ರಭಸದಿಂದ ಚಿಮ್ಮಿಸಿ ತುಕ್ಕು ತೆಗೆಯುವುದು) ಮಾಡಿಸಿ, ಶಾಖ ತಾಳುವ ಎಪಾಕ್ಸಿ ಫೀನಾಲಿಕ್ ಬಣ್ಣ ಇಲ್ಲವೇ ಬಿಸಿ ಸಿಂಪಡಣೆಯ ಅಲ್ಯೂಮಿನಿಯಂ ಪದರ ಕೊಡಿಸಿ. ಬರೀ ಸತುವಿನ ಬಣ್ಣ ಬಿಸಿಯಾದ ತೇವದಲ್ಲಿ ಬೇಗ ಕರಗಿಹೋಗುತ್ತದೆ, ಅದನ್ನು ನೆಚ್ಚಬೇಡಿ.

ತಗಡಿನ ಸಂದು ಮೇಲ್ಭಾಗದಲ್ಲಿ ಬರದೆ ಪಕ್ಕದಲ್ಲಿ, ಮೇಲಿನ ಅಂಚು ಕೆಳಗಿನದರ ಮೇಲೆ ಹೊದ್ದಂತೆ, ಹೆಂಚು ಹೊದಿಸಿದ ಹಾಗೆ ಕೂರಬೇಕು. ನಾನು ನೋಡಿದ ಲೈನುಗಳಲ್ಲಿ ನೀರು ಹೊಕ್ಕದ್ದು ಹೆಚ್ಚಾಗಿ ವಾಲ್ವ್, ಸಪೋರ್ಟ್ ಮತ್ತು ಗೇಜಿನ ಕವಲು ತಗಡನ್ನು ಸೀಳಿ ಹೊರಬರುವ ಕಡೆಗಳಲ್ಲಿ. ಅಲ್ಲಿ ಸೀಲಂಟ್ ಒಣಗಿ ಬಿರುಕು ಬಿಟ್ಟಿತ್ತು. ತಗ್ಗಿನ ಜಾಗಗಳಲ್ಲಿ ತಗಡಿನ ತಳಕ್ಕೆ ತೂತು ಕೊಟ್ಟರೆ ಒಳಸೇರಿದ ನೀರು ಹರಿದುಹೋಗುತ್ತದೆ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಬಿಚ್ಚಿಸಿದ ಜಾಗದ ಮೇಲೆಯೇ ಗೇಜಿನ ಕವಲಿದೆ. ಪಕ್ಕದ 304 ಸ್ಟೇನ್‌ಲೆಸ್ ಲೈನಿಗೂ ಇದೇ ಅಪಾಯವಿದೆಯೇ?

ಉತ್ತರ 1

ಇದೆ, ಆದರೆ ರೂಪ ಬೇರೆ. ಸುಮಾರು 60 ಡಿಗ್ರಿ ದಾಟಿದರೆ ಉಪ್ಪಿನಲ್ಲಿರುವ ಕ್ಲೋರೈಡಿನಿಂದ ಸೂಕ್ಷ್ಮ ಬಿರುಕುಗಳು ಬೀಳಬಹುದು. ಗೋಡೆಯ ದಪ್ಪ ಅಳೆದರೆ ಅವು ತಿಳಿಯುವುದಿಲ್ಲ, ಡೈ ಪೆನಿಟ್ರೆಂಟ್ ಪರೀಕ್ಷೆ (ಬಿರುಕಿಗೆ ಬಣ್ಣದ ದ್ರವ ಇಳಿಸಿ ಕಾಣುವಂತೆ ಮಾಡುವುದು) ಬೇಕು. ಕರಗುವ ಕ್ಲೋರೈಡ್ ಕಡಿಮೆಯಿರುವ, ಸ್ಟೇನ್‌ಲೆಸ್ ಸ್ಟೀಲಿಗೆ ತಗಲುವ ಇನ್ಸುಲೇಷನ್ನಿನ ಎಎಸ್‌ಟಿಎಂ ಸಿ795 ಮಾನಕಕ್ಕೆ ಒಪ್ಪುವ ಇನ್ಸುಲೇಷನ್ ಕೇಳಿ, ಪ್ರಮಾಣಪತ್ರ ಬಂದ ಮೇಲೆಯೇ ಸರಕನ್ನು ಒಳಗೆ ಬಿಟ್ಟುಕೊಳ್ಳಿ.